ಹಳೇ ಕಂಪ್ಯೂಟರಿನ ಎಸ್‌ಎಂಪಿಎಸ್, ಬ್ಯಾಟರಿ ಚಾರ್ಜರ್‌ಗೆ 12 ವೋಲ್ಟ್

ಬೆಂಗಳೂರಿನ ಚಿಕ್ಕಬಾಣಾವರದ ಸುತ್ತ ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೆ ಕೊರತೆಯಿಲ್ಲ. ಸೋಲದೇವನಹಳ್ಳಿಯಲ್ಲಿ ಆಚಾರ್ಯ, ಹೆಸರಘಟ್ಟ ಮುಖ್ಯರಸ್ತೆಯಲ್ಲಿ ಸಪ್ತಗಿರಿ, ಊರೊಳಗೇ ಇನ್ನಷ್ಟು ಕಾಲೇಜುಗಳು. ಪ್ರಾಜೆಕ್ಟಿಗೆಂದು ಡ್ರೋನ್ ಕಟ್ಟುವವರು, ರೋಬೊ ಓಡಿಸುವವರು, ಥರ್ಮೋಕೋಲಿನ ಆರ್‌ಸಿ ವಿಮಾನ ಹಾರಿಸುವವರು ಎಲ್ಲರಿಗೂ ಒಂದು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಬೇಕು, ಅದಕ್ಕೊಂದು ಚಾರ್ಜರ್ ಬೇಕು. ಅಂಗೈಯಗಲದ, ಪುಟ್ಟ ಪರದೆಯಿರುವ ಆ ಹವ್ಯಾಸಿ ಚಾರ್ಜರ್‌ಗಳಲ್ಲಿ ಹಲವನ್ನು ಗೋಡೆಯ ಪ್ಲಗ್ಗಿಗೆ ನೇರ ಸಿಕ್ಕಿಸಲು ಬರುವುದಿಲ್ಲ. ಅವು ಕೇಳುವುದು 11ರಿಂದ 18 ವೋಲ್ಟ್ ಡಿಸಿ. ಅದನ್ನು ಕೊಡುವ ಪೆಟ್ಟಿಗೆಯನ್ನು ಪ್ರತ್ಯೇಕವಾಗಿ ಕೊಳ್ಳಬೇಕು.

ಇತ್ತ ಪೀಣ್ಯದ ಕಾರ್ಖಾನೆ ಕಚೇರಿಗಳಲ್ಲಿ, ಮನೆಗಳ ಅಟ್ಟದ ಮೇಲೆ, ಎಸ್‌ಪಿ ರೋಡಿನ ಸೆಕೆಂಡ್ ಹ್ಯಾಂಡ್ ಅಂಗಡಿಗಳ ಮುಂದೆ ಹಳೇ ಡೆಸ್ಕ್‌ಟಾಪ್‌ಗಳು ರಾಶಿ ಬಿದ್ದಿವೆ. ಪ್ರತಿಯೊಂದರೊಳಗೂ ಒಂದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟು ಒದಗಿಸುವ ಪೆಟ್ಟಿಗೆ, ಇದೆ. ಪ್ರೊಸೆಸರ್ ಹಳತಾಗಿ ಯಂತ್ರವನ್ನು ಎಸೆದಿರಬಹುದು. 12 ವೋಲ್ಟ್‌ಗೆ ಹಳತು ಹೊಸತು ಎಂಬುದಿಲ್ಲ. ಆ ಪೆಟ್ಟಿಗೆ ಸುಸ್ಥಿತಿಯಲ್ಲಿದ್ದರೆ ಹವ್ಯಾಸಿ ಚಾರ್ಜರ್‌ಗೆ ಬೇಕಾದ ಕರೆಂಟನ್ನು ಆರಾಮವಾಗಿ ಕೊಡುತ್ತದೆ. ಈ ಕೆಲಸವನ್ನು ಪೆಟ್ಟಿಗೆಯ ಮುಚ್ಚಳ ತೆಗೆಯದೆಯೇ ಮುಗಿಸಬಹುದು, ಹಾಗೆಯೇ ಮುಗಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಯಾಕೆಂದು ಮೊದಲು ಹೇಳುತ್ತೇನೆ.

ಗೋಡೆಯಿಂದ ಬರುವ 230 ವೋಲ್ಟ್ ಎಸಿಯನ್ನು ಎಸ್‌ಎಂಪಿಎಸ್ ಮೊದಲು ಡಿಸಿ ಮಾಡುತ್ತದೆ. ಆಗ ಅದು ಸುಮಾರು 325 ವೋಲ್ಟ್ ಆಗಿ ದಪ್ಪ ಕೆಪಾಸಿಟರ್‌ಗಳಲ್ಲಿ ಕೂರುತ್ತದೆ. ಟ್ರಾನ್ಸಿಸ್ಟರ್‌ಗಳು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ತುಂಡರಿಸಿ ಸಣ್ಣದೊಂದು ಟ್ರಾನ್ಸ್‌ಫಾರ್ಮರ್‌ಗೆ ಉಣಿಸುತ್ತವೆ. ಆವರ್ತನ ಅಷ್ಟು ಹೆಚ್ಚಿರುವುದರಿಂದಲೇ ಆ ಟ್ರಾನ್ಸ್‌ಫಾರ್ಮರ್ ಮುಷ್ಟಿಯೊಳಗೆ ಹಿಡಿಯುವಷ್ಟು ಚಿಕ್ಕದು. 50 ಹರ್ಟ್ಸ್‌ನಲ್ಲೇ ಅಷ್ಟು ಶಕ್ತಿ ದಾಟಿಸಬೇಕೆಂದರೆ ಕೆಲವು ಕಿಲೋ ಕಬ್ಬಿಣ ಬೇಕಾಗುತ್ತಿತ್ತು. ಆಚೆ ಬದಿಯಲ್ಲಿ 12, 5 ಮತ್ತು 3.3 ವೋಲ್ಟ್ ಹೊರಬರುತ್ತವೆ. ಪ್ಲಗ್ ಕಿತ್ತ ಮೇಲೂ ಆ ಕೆಪಾಸಿಟರ್‌ಗಳು 325 ವೋಲ್ಟನ್ನು ಹಿಡಿದಿಟ್ಟುಕೊಂಡಿರಬಹುದು. ಅದನ್ನು ಬರಿದು ಮಾಡಬೇಕಾದ ರೆಸಿಸ್ಟರ್ ಹಳೇ ಪೆಟ್ಟಿಗೆಯಲ್ಲಿ ಸುಟ್ಟಿದ್ದರೆ ಹೊರಗಿನಿಂದ ಗೊತ್ತಾಗುವುದಿಲ್ಲ. ಕೆಲವು ವಿನ್ಯಾಸಗಳಲ್ಲಿ ಒಳಗಿನ ಅಲ್ಯೂಮಿನಿಯಂ ಹೀಟ್‌ಸಿಂಕಿನಲ್ಲೇ ಈ ಹೈ ವೋಲ್ಟೇಜ್ ಇರುತ್ತದೆ. ನಮಗೆ ಬೇಕಾದ ವೈರುಗಳೆಲ್ಲ ಹೊರಗೇ ನೇತಾಡುತ್ತಿರುವಾಗ ಒಳಗೆ ಕೈಹಾಕುವ ಅಗತ್ಯವೇ ಇಲ್ಲ.

ಇನ್ನೊಂದು ಮಾತನ್ನು ಶುರುವಿನಲ್ಲೇ ಗಟ್ಟಿಯಾಗಿ ಹೇಳಬೇಕು: ಎಸ್‌ಎಂಪಿಎಸ್ ಚಾರ್ಜರ್ ಅಲ್ಲ. ಅದು ಮಹಡಿ ಮೇಲಿನ ನೀರಿನ ಟ್ಯಾಂಕ್. ಎಷ್ಟು ನೀರು, ಎಲ್ಲಿಯವರೆಗೆ ಎಂದು ನೋಡಿ ನಿಲ್ಲಿಸುವ ನಲ್ಲಿ ಚಾರ್ಜರ್. ನಲ್ಲಿಯಿಲ್ಲದೆ ಟ್ಯಾಂಕಿನ ಪೈಪನ್ನು ನೇರ ಬ್ಯಾಟರಿಗೆ ಜೋಡಿಸಿದರೆ ಏನಾಗುತ್ತದೆ ನೋಡಿ. ಲಿಪೊ ಸೆಲ್ಲೊಂದರ ಮಿತಿ 4.2 ವೋಲ್ಟ್. ಎರಡು ಸೆಲ್ಲಿನ ಬ್ಯಾಟರಿ 8.4ಕ್ಕೆ ತುಂಬುತ್ತದೆ, 12 ವೋಲ್ಟ್ ನೇರ ಕೊಟ್ಟರೆ ಉಬ್ಬಿ ಹೊತ್ತಿಕೊಳ್ಳುವುದು ಹೆಚ್ಚು ಹೊತ್ತಿನ ಮಾತಲ್ಲ. ಮೂರು ಸೆಲ್ಲಿನದು 12.6ಕ್ಕೆ ತುಂಬುವುದರಿಂದ 12 ವೋಲ್ಟ್ ಸುರಕ್ಷಿತ ಎಂದು ಕೆಲವರು ವಾದಿಸುತ್ತಾರೆ. ಆದರೆ 10.5 ವೋಲ್ಟಿಗೆ ಇಳಿದ ಬ್ಯಾಟರಿಗೆ 12 ವೋಲ್ಟ್ ನೇರ ತಗುಲಿಸಿದ ಗಳಿಗೆಯಲ್ಲಿ ಕರೆಂಟಿಗೆ ಅಡ್ಡ ನಿಲ್ಲುವುದು ವೈರಿನ ಮತ್ತು ಬ್ಯಾಟರಿಯ ಅಲ್ಪಸ್ವಲ್ಪ ರೋಧ ಮಾತ್ರ. 2 ಆಂಪಿಯರ್ ಹೋಗಬೇಕಾದಲ್ಲಿ ಹತ್ತಿಪ್ಪತ್ತು ಆಂಪಿಯರ್ ನುಗ್ಗುತ್ತದೆ. ಸೆಲ್ಲುಗಳ ನಡುವೆ ಏರುಪೇರಿದ್ದರೆ ಅದನ್ನು ಸರಿದೂಗಿಸುವವರೂ ಇಲ್ಲ.

ಬೈಕಿನ ಅಥವಾ ಯುಪಿಎಸ್‌ನ ಲೆಡ್ ಆಸಿಡ್ ಬ್ಯಾಟರಿಯ ವಿಷಯದಲ್ಲಿ ತೊಂದರೆ ತಿರುಗುಮುರುಗು. ‘12 ವೋಲ್ಟ್ ಬ್ಯಾಟರಿಗೆ 12 ವೋಲ್ಟ್ ಕೊಟ್ಟಿದ್ದೇನೆ, ರಾತ್ರಿಯೆಲ್ಲ ಬಿಟ್ಟರೂ ತುಂಬಿಲ್ಲ’ ಎಂಬ ದೂರು ಸಾಮಾನ್ಯ. ತುಂಬಿದ ಲೆಡ್ ಆಸಿಡ್ ಬ್ಯಾಟರಿ ಸುಮ್ಮನಿದ್ದಾಗಲೇ 12.6ರಿಂದ 12.8 ವೋಲ್ಟ್ ತೋರಿಸುತ್ತದೆ. ಅದರೊಳಗೆ ಕರೆಂಟು ತಳ್ಳಲು 13.8ರಿಂದ 14.4 ಬೇಕು. 12 ವೋಲ್ಟ್ ಅರ್ಧದಾರಿಯಲ್ಲೇ ನಿಂತುಬಿಡುತ್ತದೆ. ಹವ್ಯಾಸಿ ಚಾರ್ಜರ್ ಮಧ್ಯೆ ಇದ್ದರೆ ಎರಡೂ ಸಮಸ್ಯೆ ತೀರುತ್ತವೆ. ಅದು 12 ವೋಲ್ಟನ್ನು ಬೇಕಾದಂತೆ ಇಳಿಸುತ್ತದೆ, ಏರಿಸುತ್ತದೆ, ಮೊದಲು ಸ್ಥಿರ ಕರೆಂಟು, ಕೊನೆಯಲ್ಲಿ ಸ್ಥಿರ ವೋಲ್ಟೇಜ್ ಕೊಟ್ಟು ತಾನೇ ನಿಲ್ಲುತ್ತದೆ. ಲೆಡ್ ಆಸಿಡ್‌ಗೆಂದೇ ಪ್ರತ್ಯೇಕ ಮೋಡ್ ಕೂಡ ಅದರ ಮೆನುವಿನಲ್ಲಿ ಇರುತ್ತದೆ. ಎಸ್‌ಎಂಪಿಎಸ್ ಬಿಚ್ಚಿ, ಟಿಎಲ್494 ಐಸಿಯ ಪಕ್ಕದ ರೆಸಿಸ್ಟರ್ ಬದಲಿಸಿ 13.8ಕ್ಕೆ ಏರಿಸುವ ವಿದ್ಯೆ ರಿಪೇರಿ ಬಲ್ಲವರಿಗೆ ಗೊತ್ತು. 16 ವೋಲ್ಟಿನ ಔಟ್‌ಪುಟ್ ಕೆಪಾಸಿಟರ್‌ಗಳು ಆಗ ಅಂಚಿನಲ್ಲಿ ನಿಂತು ಕೆಲಸ ಮಾಡುತ್ತವೆ, 5 ವೋಲ್ಟೂ ಜೊತೆಗೆ ಏರುತ್ತದೆ, ಪ್ರೊಟೆಕ್ಷನ್ ಪದೇ ಪದೇ ಬೀಳುತ್ತದೆ. ಹವ್ಯಾಸಿಗೆ ಅದು ಬೇಡ.

ಎಷ್ಟು ಕರೆಂಟು ಬೇಕು? ಲೆಕ್ಕ ಸುಲಭ. 2200 ಎಂಎಎಚ್‌ನ ಮೂರು ಸೆಲ್ಲಿನ ಬ್ಯಾಟರಿಯನ್ನು ‘1ಸಿ’ ದರದಲ್ಲಿ, ಅಂದರೆ 2.2 ಆಂಪಿಯರ್‌ನಲ್ಲಿ ತುಂಬಿಸುವಾಗ ಕೊನೆಯಲ್ಲಿ 12.6 ಗುಣಿಸು 2.2, ಸುಮಾರು 28 ವ್ಯಾಟ್. ಚಾರ್ಜರ್ ತಾನೇ ಒಂದಿಷ್ಟನ್ನು ಬಿಸಿಯಾಗಿ ಕಳೆಯುತ್ತದೆ. 35 ವ್ಯಾಟ್ ಎಂದಿಟ್ಟುಕೊಳ್ಳಿ. 12 ವೋಲ್ಟಿನಲ್ಲಿ ಅದು 3 ಆಂಪಿಯರ್. ಪ್ರಚಲಿತವಾಗಿರುವ 50 ವ್ಯಾಟಿನ ಚಾರ್ಜರನ್ನು ಪೂರಾ ದುಡಿಸಿದರೂ 5 ಆಂಪಿಯರ್ ಚಿಲ್ಲರೆ. ಇಬ್ಬರು ಗೆಳೆಯರು ಎರಡು ಚಾರ್ಜರ್ ಹಚ್ಚಿದರೆ 10–11.

ಈಗ ಎಸ್‌ಎಂಪಿಎಸ್ ಪಕ್ಕದಲ್ಲಿ ಅಂಟಿಸಿದ ಲೇಬಲ್ ನೋಡಿ. ದಪ್ಪ ಅಕ್ಷರದಲ್ಲಿ 450 ವ್ಯಾಟ್ ಎಂದಿರುವುದನ್ನು ಬಿಡಿ, ಕೆಳಗಿನ ಕೋಷ್ಟಕದಲ್ಲಿ ‘+12V’ ಕಾಲಂ ಹುಡುಕಿ. ಅಲ್ಲಿ 16 ಆಂಪಿಯರ್ ಎಂದಿದ್ದರೆ ಆ ಸಾಲಿನಿಂದ ನಿಮಗೆ ಸಿಗುವುದು 192 ವ್ಯಾಟ್ ಮಾತ್ರ. ಅಗ್ಗದ ಪೆಟ್ಟಿಗೆಗಳಲ್ಲಿ ಲೇಬಲ್ಲೇ ಉದಾರವಾಗಿರುವುದುಂಟು, ಹಾಗಾಗಿ ಬರೆದದ್ದರ ಮೂರನೇ ಎರಡು ಭಾಗ ಮಾತ್ರ ನಂಬುವುದು ಒಳ್ಳೆಯದು. 12V1, 12V2 ಎಂದು ಎರಡು ಕಾಲಂ ಇದ್ದರೆ ಎರಡರ ಆಂಪಿಯರ್ ಕೂಡಿಸಿಬಿಡಬೇಡಿ. ಒಟ್ಟು ಮಿತಿ ಕೆಳಗೆ ವ್ಯಾಟಿನಲ್ಲಿ ಬರೆದಿರುತ್ತದೆ.

ಲೇಬಲ್ಲಿನಲ್ಲಿ ಯಾವ ವೋಲ್ಟಿಗೆ ಹೆಚ್ಚು ಆಂಪಿಯರ್ ಎಂಬುದು ಪೆಟ್ಟಿಗೆಯ ವಯಸ್ಸನ್ನೂ ಹೇಳುತ್ತದೆ. ಇಂಟೆಲ್ 1995ರಲ್ಲಿ ಎಟಿಎಕ್ಸ್ ಮಾದರಿಯನ್ನು ತಂದಾಗ ಕಂಪ್ಯೂಟರು ಹೆಚ್ಚಾಗಿ ನುಂಗುತ್ತಿದ್ದದ್ದು 5 ಮತ್ತು 3.3 ವೋಲ್ಟನ್ನು. ಪ್ರೊಸೆಸರ್‌ಗಳ ಹಸಿವು ಏರಿದಂತೆ ಭಾರ 12 ವೋಲ್ಟಿಗೆ ವರ್ಗವಾಯಿತು. 2003ರ ಎಟಿಎಕ್ಸ್12ವಿ 2.0 ಮಾದರಿಯಲ್ಲಿ ಮುಖ್ಯ ಕನೆಕ್ಟರ್ 20 ಪಿನ್ನಿನಿಂದ 24ಕ್ಕೆ ಬೆಳೆಯಿತು. ಆದ್ದರಿಂದ 24 ಪಿನ್ನಿನದು ಸಿಕ್ಕರೆ ಅದನ್ನೇ ಆರಿಸಿ. ದೊಡ್ಡ ಕಂಪನಿಗಳ ಕಚೇರಿ ಡೆಸ್ಕ್‌ಟಾಪ್‌ಗಳಲ್ಲಿ ಕೆಲವಕ್ಕೆ ಸ್ವಂತ ಕನೆಕ್ಟರ್, ಸ್ವಂತ ವೈರಿಂಗ್ ಇರುತ್ತದೆ. ಅಂಥವನ್ನು ಬಣ್ಣ ನಂಬಿ ಕತ್ತರಿಸಬೇಡಿ, ಪ್ರತಿ ವೈರನ್ನೂ ಮಲ್ಟಿಮೀಟರ್‌ನಲ್ಲಿ ಅಳೆಯಿರಿ. ಹಿಂಬದಿಯಲ್ಲಿ 115/230 ಎಂಬ ಕೆಂಪು ಜಾರುಗುಂಡಿ ಇದ್ದರೆ ಅದು 230ರಲ್ಲೇ ಇರಬೇಕು. 115ರಲ್ಲಿಟ್ಟು ನಮ್ಮ ಕರೆಂಟು ಕೊಟ್ಟರೆ ಒಳಗಿನ ವೋಲ್ಟೇಜ್ ದುಪ್ಪಟ್ಟಾಗಿ ಕೆಪಾಸಿಟರ್‌ಗಳು ಪಟಾಕಿಯಂತೆ ಸಿಡಿಯುತ್ತವೆ. ಮೇಲೆ ಒಂದು ತುಂಡು ಟೇಪ್ ಅಂಟಿಸಿ ಬಿಡಿ, ಯಾರೂ ಮುಟ್ಟದ ಹಾಗೆ. ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿ: ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ, ಕಂದು ಅಂಟು ಒಸರಿದ್ದರೆ, ಫ್ಯಾನು ಬಿಗಿದಿದ್ದರೆ ಆ ಪೆಟ್ಟಿಗೆ ಬೇಡ. ಬೇರೊಂದು ಸಿಕ್ಕೇ ಸಿಗುತ್ತದೆ.

ಬಣ್ಣಗಳನ್ನು ಒಮ್ಮೆ ಕಲಿತರೆ ಸಾಕು. ಹಳದಿ 12 ವೋಲ್ಟ್, ಕೆಂಪು 5, ಕಿತ್ತಳೆ 3.3, ಕಪ್ಪು ಎಲ್ಲಕ್ಕೂ ಸಾಮಾನ್ಯವಾದ ಗ್ರೌಂಡ್. ನೇರಳೆಯಲ್ಲಿ ಪ್ಲಗ್ ಹಾಕಿದ ಕ್ಷಣದಿಂದಲೇ 5 ವೋಲ್ಟ್ ಸ್ಟ್ಯಾಂಡ್‌ಬೈ ಇರುತ್ತದೆ. ಹಸಿರು ಒಂದೇ ಒಂದು. ಅದನ್ನು ಕಪ್ಪಿಗೆ ಸೇರಿಸಿದರೆ ಎಸ್‌ಎಂಪಿಎಸ್ ಏಳುತ್ತದೆ, ಬಿಡಿಸಿದರೆ ಮಲಗುತ್ತದೆ. ಮದರ್‌ಬೋರ್ಡ್ ಮಾಡುತ್ತಿದ್ದದ್ದೂ ಇದನ್ನೇ. ನೀಲಿ ಮೈನಸ್ 12. ಹಳದಿಗೂ ನೀಲಿಗೂ ನಡುವೆ ಅಳೆದರೆ 24 ವೋಲ್ಟ್ ಕಂಡು ಆಸೆ ಹುಟ್ಟುತ್ತದೆ, ಆದರೆ ನೀಲಿಯ ಸಾಮರ್ಥ್ಯ ಸಾಮಾನ್ಯವಾಗಿ ಅರ್ಧ ಆಂಪಿಯರಿನ ಆಸುಪಾಸು. ಅದನ್ನು ಮರೆತುಬಿಡಿ. ಎರಡು ಎಸ್‌ಎಂಪಿಎಸ್‌ಗಳನ್ನು ಸಾಲಾಗಿ ಜೋಡಿಸಿ 24 ಮಾಡುವುದೂ ಹಾಗೆಯೇ. ಎರಡರ ಕಪ್ಪು ವೈರೂ ಲೋಹದ ಹೊದಿಕೆಯ ಮೂಲಕ ಅರ್ಥಿಂಗಿಗೆ ಸೇರಿರುವುದರಿಂದ ಒಂದರ ಔಟ್‌ಪುಟ್ ನೇರ ಶಾರ್ಟ್ ಆಗುತ್ತದೆ. ಅದನ್ನು ತಪ್ಪಿಸಲು ಅರ್ಥ್ ಕಿತ್ತುಹಾಕುವ ಉಪಾಯ ಜೀವಕ್ಕೆ ಸಂಚಕಾರ. 24 ಬೇಕೇ ಬೇಕೆಂದರೆ ಹೊಸ 24 ವೋಲ್ಟಿನ ಸಪ್ಲೈ ಕೊಳ್ಳಿ.

ಅರ್ಥಿಂಗ್ ಎಂದಾಗ ಇಲ್ಲಿಯ ಪಿಜಿ ರೂಮುಗಳ, ಬಾಡಿಗೆ ಮನೆಗಳ ಮಾತು ಬರಲೇಬೇಕು. ಎಸ್‌ಎಂಪಿಎಸ್‌ನ ತಗಡು ಮುಟ್ಟಿದರೆ ಜುಮ್ ಎನ್ನುತ್ತದೆ, ಟೆಸ್ಟರ್ ಇಟ್ಟರೆ ಮಿಣುಕುತ್ತದೆ. ಪೆಟ್ಟಿಗೆ ಕೆಟ್ಟಿದೆ ಎಂದು ಎಸೆಯುವವರಿದ್ದಾರೆ. ಹೆಚ್ಚಿನ ಸಲ ಕೆಟ್ಟಿರುವುದು ಪೆಟ್ಟಿಗೆಯಲ್ಲ. ಒಳಬರುವ ಕರೆಂಟಿನ ಗದ್ದಲ ಸೋಸಲು ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಚಿಕ್ಕ ಕೆಪಾಸಿಟರ್ ತಗಡಿಗೆ ಜೋಡಿಸಿರುತ್ತಾರೆ. ಗೋಡೆಯ ಸಾಕೆಟ್ಟಿನಲ್ಲಿ ಅರ್ಥ್ ಇಲ್ಲದಿದ್ದರೆ ತಗಡು ಇವೆರಡರ ನಡುವೆ, ಸುಮಾರು 115 ವೋಲ್ಟಿನಲ್ಲಿ, ತೇಲುತ್ತದೆ. ಹರಿಯುವ ಕರೆಂಟು ಅತ್ಯಲ್ಪ, ಅದಕ್ಕೇ ಬರೀ ಜುಮ್ಮೆನ್ನುವುದು. ಆದರೆ ಒಳಗೆ ನಿಜವಾಗಿ ಫೇಸ್ ಸೋರಿದ ದಿನ ಕಾಪಾಡಲು ಅಲ್ಲಿ ಏನೂ ಇರುವುದಿಲ್ಲ, ಮತ್ತು ನಿಮ್ಮ 12 ವೋಲ್ಟಿನ ಕಪ್ಪು ಟರ್ಮಿನಲ್ ಕೂಡ ಅದೇ ತಗಡಿಗೆ ಸೇರಿದೆ. ಎಲೆಕ್ಟ್ರಿಷಿಯನ್ ಕರೆಸಿ ಸಾಕೆಟ್ಟಿನ ಅರ್ಥ್ ಸರಿಯಿದೆಯೇ ನೋಡಿಸಿ. ಮೂರು ಪಿನ್ನಿನ ವೈರಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಲೇಬೇಡಿ.

ಇನ್ನು ಕೆಲಸ. ಬೇಕಾಗುವುದು ಮಲ್ಟಿಮೀಟರ್, ಸೋಲ್ಡರಿಂಗ್ ಐರನ್, ಹೀಟ್ ಶ್ರಿಂಕ್ ಸ್ಲೀವ್, ಕೆಂಪು ಕಪ್ಪು ಬೈಂಡಿಂಗ್ ಪೋಸ್ಟ್, ಒಂದು ಟಾಗಲ್ ಸ್ವಿಚ್, ಒಂದು ಎಲ್‌ಇಡಿ, ಅದಕ್ಕೆ 470 ಓಮಿನ ರೆಸಿಸ್ಟರ್, 10 ಓಮ್ 10 ವ್ಯಾಟಿನ ಬಿಳಿ ಸಿಮೆಂಟ್ ರೆಸಿಸ್ಟರ್, ಕಾರಿಗೆ ಹಾಕುವ ಬ್ಲೇಡ್ ಫ್ಯೂಸು ಮತ್ತು ಅದರ ಹೋಲ್ಡರ್. ಫ್ಯೂಸು ಆಟೋ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಉಳಿದದ್ದಕ್ಕೆ ರೈಲು ಹತ್ತಿ ಮೆಜೆಸ್ಟಿಕ್‌ಗೆ ಹೋಗಿ ಅಲ್ಲಿಂದ ಎಸ್‌ಪಿ ರೋಡು; ಒಂದೇ ಓಣಿಯಲ್ಲಿ ಎಲ್ಲವೂ ಮುಗಿಯುತ್ತದೆ.

ಪ್ಲಗ್ ಕಿತ್ತು ಐದು ಹತ್ತು ನಿಮಿಷ ಬಿಡಿ. ಪೋಸ್ಟ್‌ಗಳನ್ನು ಎಸ್‌ಎಂಪಿಎಸ್‌ನ ತಗಡಿಗೆ ತೂತು ಕೊರೆದು ಕೂರಿಸುವುದು ನೋಡಲು ಚೆಂದ, ಆದರೆ ಅದಕ್ಕೆ ಮುಚ್ಚಳ ತೆಗೆಯಬೇಕು, ಕೊರೆದ ಲೋಹದ ಪುಡಿ ಸರ್ಕಿಟ್ಟಿನ ಮೇಲೆ ಬೀಳುತ್ತದೆ. ಬದಲಿಗೆ ಗೋಡೆಗೆ ಹಾಕುವ ಪ್ಲಾಸ್ಟಿಕ್ ಸ್ವಿಚ್ ಬಾಕ್ಸೊಂದನ್ನು ತಂದು, ಪೋಸ್ಟು ಸ್ವಿಚ್ಚು ಎಲ್ಲವನ್ನೂ ಅದರಲ್ಲಿ ಕೂರಿಸಿ, ಎಸ್‌ಎಂಪಿಎಸ್‌ನ ಪಕ್ಕ ಒಂದೇ ಹಲಗೆಗೆ ಬಿಗಿಯಿರಿ. ಹಳದಿ ವೈರುಗಳಲ್ಲಿ ಮೂರು ನಾಲ್ಕನ್ನು ಕತ್ತರಿಸಿ ಒಟ್ಟಿಗೆ ಹೆಣೆದು ಸೋಲ್ಡರ್ ಮಾಡಿ ಫ್ಯೂಸಿನ ಮೂಲಕ ಕೆಂಪು ಪೋಸ್ಟಿಗೆ ಕೊಡಿ. ಅಷ್ಟೇ ಸಂಖ್ಯೆಯ ಕಪ್ಪು ವೈರು ಕಪ್ಪು ಪೋಸ್ಟಿಗೆ. ಒಂದೇ ಹಳದಿ ಸಾಲದೇ ಎಂದರೆ, ಈ ವೈರುಗಳು ಸಾಮಾನ್ಯವಾಗಿ 18 ಗೇಜಿನವು, ಮೀಟರಿಗೆ 21 ಮಿಲಿಓಮ್. ಅರ್ಧ ಮೀಟರ್ ಹೋಗಿ ಅರ್ಧ ಮೀಟರ್ ಬರುವ ದಾರಿಯಲ್ಲಿ 10 ಆಂಪಿಯರ್ ಹರಿದರೆ 0.2 ವೋಲ್ಟ್ ವೈರಿನಲ್ಲೇ ಕರಗುತ್ತದೆ, ವೈರು ಬಿಸಿಯಾಗುತ್ತದೆ. ಸಡಿಲ ಕ್ಲಿಪ್ಪುಗಳಲ್ಲಿ ಇನ್ನಷ್ಟು ಹೋಗುತ್ತದೆ. ಚಾರ್ಜರ್ ಪರದೆಯ ಮೇಲೆ ಇನ್‌ಪುಟ್ ಕಡಿಮೆ ಎಂಬ ಎಚ್ಚರಿಕೆ ಮೂಡಿ ಚಾರ್ಜಿಂಗ್ ನಡುವೆಯೇ ನಿಂತರೆ ಮೊದಲು ಸಂಶಯಪಡಬೇಕಾದದ್ದು ಇಂಥ ಜೋಡಣೆಗಳನ್ನು. ಮೊಸಳೆ ಕ್ಲಿಪ್ ಬಿಟ್ಟು ಬನಾನಾ ಪ್ಲಗ್ ಅಥವಾ ಎಕ್ಸ್‌ಟಿ60 ಕನೆಕ್ಟರ್ ಬಳಸಿ.

ಹಸಿರು ವೈರು ಮತ್ತು ಒಂದು ಕಪ್ಪು ಟಾಗಲ್ ಸ್ವಿಚ್ಚಿಗೆ. ಎಲ್‌ಇಡಿಯನ್ನು ಹಲವರು ಬೂದು ವೈರಿಗೆ ಹಾಕುತ್ತಾರೆ. ಅದು ‘ಎಲ್ಲ ಸರಿ’ ಎಂಬ ಸಂಕೇತ ಮಾತ್ರ, ದೀಪ ಉರಿಸುವ ತ್ರಾಣ ಅದಕ್ಕಿಲ್ಲ. ಕೆಂಪು ವೈರಿಗೆ ರೆಸಿಸ್ಟರ್ ಸಹಿತ ಹಾಕಿ. ಮುಖ್ಯ ಕನೆಕ್ಟರಿನಲ್ಲಿ ಕಿತ್ತಳೆಯ ಜೊತೆ ಒಂದೇ ಪಿನ್ನಿಗೆ ಸೇರಿದ ತೆಳು ಕಂದು ವೈರು ಕಂಡರೆ ಅವೆರಡನ್ನೂ ಕತ್ತರಿಸಿದ ಮೇಲೂ ಜೋಡಿಸಿಯೇ ಇಡಬೇಕು. 3.3 ವೋಲ್ಟ್ ಸರಿಯಿದೆಯೇ ಎಂದು ಎಸ್‌ಎಂಪಿಎಸ್ ಅಳೆಯುವುದು ಅದರಲ್ಲೇ. ಅದು ಬಿಟ್ಟುಹೋದರೆ ಪೆಟ್ಟಿಗೆ ಎದ್ದು ಮಲಗುತ್ತಿರುತ್ತದೆ. ಉಳಿದ ಪ್ರತಿ ವೈರಿನ ತುದಿಗೂ ಬೇರೆ ಬೇರೆಯಾಗಿ ಸ್ಲೀವ್ ಹಾಕಿ ಕಟ್ಟಿಡಿ.

ಬಿಳಿ ಸಿಮೆಂಟ್ ರೆಸಿಸ್ಟರ್ ಯಾಕೆ? ಹಳೇ ವಿನ್ಯಾಸಗಳಲ್ಲಿ 5 ಮತ್ತು 12 ವೋಲ್ಟ್ ಎರಡನ್ನೂ ಒಂದೇ ನಿಯಂತ್ರಣ ನೋಡಿಕೊಳ್ಳುತ್ತದೆ. 5ರ ಮೇಲೆ ಭಾರವೇ ಇಲ್ಲದೆ 12ರಿಂದ ಮಾತ್ರ ಎಳೆದರೆ 12 ಕುಸಿಯುತ್ತದೆ, 5 ಏರುತ್ತದೆ, ನಿಯಂತ್ರಣ ನಡುವೆ ಸಿಕ್ಕಿಕೊಳ್ಳುತ್ತದೆ. ಕೆಂಪು ಮತ್ತು ಕಪ್ಪಿನ ನಡುವೆ 10 ಓಮ್ ಹಾಕಿದರೆ ಅರ್ಧ ಆಂಪಿಯರ್ ಸದಾ ಹರಿದು 12 ವೋಲ್ಟ್ ನೆಟ್ಟಗೆ ನಿಲ್ಲುತ್ತದೆ. ಸಾಲದಿದ್ದರೆ 4.7 ಓಮ್ ಹಾಕಿ, ಸುಮಾರು 1 ಆಂಪಿಯರ್ ಆಗುತ್ತದೆ. ಅದು ಕೈಸುಡುವಷ್ಟು ಬಿಸಿಯಾಗುವುದರಿಂದ ತಗಡಿನ ಹೊರಮೈಗೆ, ಫ್ಯಾನಿನ ಗಾಳಿ ಬಡಿಯುವ ಕಡೆ ಬಿಗಿಯಿರಿ. ಪ್ಲಾಸ್ಟಿಕ್ ಬಾಕ್ಸಿನೊಳಗೆ ಬೇಡ. ಈಚಿನ ಒಳ್ಳೆಯ ಪೆಟ್ಟಿಗೆಗಳಿಗೆ ಇದರ ಅಗತ್ಯವಿಲ್ಲ.

ಚಾರ್ಜರ್ ಹಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ, ಅದಕ್ಕೆ ಬೈಕು ಅಥವಾ ಕಾರಿನ ಹೆಡ್‌ಲೈಟ್ ಬಲ್ಬು ಸಾಕು. 55 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 4.6 ಆಂಪಿಯರ್ ಎಳೆಯುತ್ತದೆ. ತಣ್ಣಗಿರುವ ತಂತಿಯ ರೋಧ ಉರಿಯುವಾಗಿನ ಹತ್ತನೇ ಒಂದು ಭಾಗದಷ್ಟೇ ಇರುವುದರಿಂದ ಹಚ್ಚಿದ ಕ್ಷಣ ಎಸ್‌ಎಂಪಿಎಸ್ ಬಿದ್ದುಹೋಗಬಹುದು. ಸ್ವಿಚ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ, ಅಥವಾ ಇಂಡಿಕೇಟರಿನ ಚಿಕ್ಕ ಬಲ್ಬಿನಿಂದ ಶುರುಮಾಡಿ. ಬಲ್ಬು ಉರಿಯುವಾಗ ಪೋಸ್ಟಿನಲ್ಲಿ ವೋಲ್ಟೇಜ್ ಅಳೆಯಿರಿ. ಎಟಿಎಕ್ಸ್ ನಿಯಮದ ಪ್ರಕಾರ 11.4ರಿಂದ 12.6ರ ಒಳಗೆ ಇರಬೇಕು. ಅರ್ಧ ಗಂಟೆ ಉರಿಸಿ. ಜೋಡಣೆಗಳು ಬಿಸಿಯಾದವೇ, ವಾಸನೆ ಬಂತೇ, ವೋಲ್ಟೇಜ್ ನಿಧಾನವಾಗಿ ಇಳಿಯಿತೇ ನೋಡಿ. 11.4 ಉಳಿಸಿಕೊಳ್ಳದ ಪೆಟ್ಟಿಗೆಯ ಜೊತೆ ಗುದ್ದಾಡಬೇಡಿ.

ಚಾರ್ಜ್ ಮಾಡುವ ಜಾಗ ಹಾಸಿಗೆಯಲ್ಲ, ಪುಸ್ತಕದ ಮೇಜೂ ಅಲ್ಲ. ಕಡಪಾ ಕಲ್ಲಿನ ಕಟ್ಟೆ ಅಥವಾ ಬರಿ ನೆಲ, ಸುತ್ತ ಬಟ್ಟೆ ಕಾಗದ ಇಲ್ಲದ ಕಡೆ. ಮುಖ್ಯ ವೈರಿನ ಜೊತೆ, ಸೆಲ್ಲುಗಳ ಏರುಪೇರು ಸರಿದೂಗಿಸಲು ಇರುವ ಬ್ಯಾಲೆನ್ಸ್ ವೈರನ್ನೂ ಪ್ರತಿ ಸಲ ಜೋಡಿಸಿ. ಉಬ್ಬಿದ ಬ್ಯಾಟರಿಯನ್ನು ‘ಇದೊಂದು ಸಲ’ ಎಂದು ಕೂಡ ಹಚ್ಚಬೇಡಿ. ಮನೆಯಲ್ಲಿ ಯಾರೂ ಇಲ್ಲದಾಗ, ಎಲ್ಲರೂ ಮಲಗಿದಾಗ ಚಾರ್ಜ್ ಬೇಡವೇ ಬೇಡ. ಕರೆಂಟು ಹೋಗಿ ಬಂದರೆ ಎಸ್‌ಎಂಪಿಎಸ್ ತಾನಾಗಿ ಏಳುತ್ತದೆ, ಆದರೆ ಚಾರ್ಜರ್ ಸಾಮಾನ್ಯವಾಗಿ ಮೊದಲ ಮೆನುವಿಗೆ ಮರಳಿ ಕಾಯುತ್ತಿರುತ್ತದೆ. ಬೆಳಿಗ್ಗೆ ಸ್ಪರ್ಧೆಗೆ ಹೊರಡುವವರು ಪರದೆ ನೋಡಿಯೇ ಬ್ಯಾಟರಿ ಚೀಲಕ್ಕೆ ಹಾಕಿಕೊಳ್ಳಬೇಕು.

ಇಷ್ಟೆಲ್ಲ ಪಡಿಪಾಟಲಿಗಿಂತ ಎಲ್‌ಇಡಿ ಬೋರ್ಡುಗಳಿಗೆ ಹಾಕುವ 12 ವೋಲ್ಟ್ 10 ಆಂಪಿಯರಿನ ಜಾಲರಿ ಪೆಟ್ಟಿಗೆಯನ್ನು ಹೊಸದಾಗಿ ಕೊಳ್ಳಬಾರದೇ? ಕೊಳ್ಳಬಹುದು. ವೋಲ್ಟೇಜನ್ನು ಚೂರು ಏರಿಸುವ ತಿರುಪೂ ಅದರಲ್ಲಿರುತ್ತದೆ. ಆದರೆ ಅದರ 230 ವೋಲ್ಟಿನ ಸ್ಕ್ರೂಗಳು ಬೆರಳಿಗೆ ಎಟುಕುವಂತೆ ಹೊರಗೇ ಇರುತ್ತವೆ, ಅದಕ್ಕೆ ಬೇರೆ ಹೊದಿಕೆ ಕಟ್ಟಬೇಕು. ಕಂಪ್ಯೂಟರಿನದರಲ್ಲಿ ಫ್ಯಾನು, ಮೂರು ಪಿನ್ನಿನ ಸಾಕೆಟ್ಟು, ಶಾರ್ಟ್ ಆದರೆ ತಾನೇ ನಿಲ್ಲುವ ವ್ಯವಸ್ಥೆ ಎಲ್ಲ ಆಗಲೇ ಇವೆ. ಮನೆಯಲ್ಲಿ ಒಳ್ಳೆಯದೊಂದು ಬಿದ್ದಿದ್ದರೆ ನಾನು ಅದನ್ನೇ ಆರಿಸುತ್ತೇನೆ.

ಪರೀಕ್ಷೆಯಲ್ಲಿ ಸೋತ ಎಸ್‌ಎಂಪಿಎಸ್ ಮತ್ತು ಸತ್ತ ಲಿಪೊಗಳನ್ನು ಕಸದ ಗಾಡಿಗೆ ಹಾಕಬೇಡಿ, ತಾಮ್ರಕ್ಕಾಗಿ ವೈರು ಸುಡುವವರ ಕೈಗೂ ಕೊಡಬೇಡಿ. ಪೀಣ್ಯದಿಂದ ತುಮಕೂರು ರಸ್ತೆಯಲ್ಲಿ ಮುಂದೆ ಹೋದರೆ ಸಿಗುವ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶದಲ್ಲಿ ಇ-ಪರಿಸರ ಸಂಸ್ಥೆ 2005ರಲ್ಲೇ ಇ-ತ್ಯಾಜ್ಯ ಸಂಸ್ಕರಣೆ ಆರಂಭಿಸಿತು. ಸರ್ಕಾರದ ಅನುಮತಿ ಪಡೆದು ಈ ಕೆಲಸಕ್ಕಿಳಿದವರಲ್ಲಿ ದೇಶದಲ್ಲೇ ಮೊದಲಿಗರು ಅವರು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಹಳೇ ಉಪಕರಣಗಳ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅಪಾರ್ಟ್‌ಮೆಂಟಿನವರೋ ಕಾಲೇಜಿನವರೋ ಒಟ್ಟುಗೂಡಿಸಿ ನೋಂದಾಯಿತ ಸಂಸ್ಕರಣಾ ಘಟಕಕ್ಕೆ ಕಳಿಸುವುದು ಸುಲಭ. ಲಿಪೊ ಕೊಡುವಾಗ ಎರಡು ತುದಿಗೂ ಬೇರೆ ಬೇರೆಯಾಗಿ ಟೇಪ್ ಸುತ್ತಿ, ಎಸ್‌ಎಂಪಿಎಸ್ ಇರುವ ಚೀಲದಲ್ಲಿ ಹಾಕದೆ ಪ್ರತ್ಯೇಕವಾಗಿ ಕೊಡಿ.